ಕೇಳಿ, ಹೇಳ್ತೀನಿ: ಎಲ್ರೂ ಪುಳಿಯೋಗರೆ ತಂದ್ರೆ ಸಾರು ತರೋರ್ಯಾರು?

ಪ್ರಶ್ನೆ: ಅಕ್ಕ, ನಮ್ಮದು ಕಾಲೇಜಿನ ಹಳೇ ಫ್ರೆಂಡ್ಸ್ ಗುಂಪು. ಎಂಟು ಮನೆಯವರು, ದೊಡ್ಡೋರು 18, ಮಕ್ಕಳು 8. ಬರೋ ತಿಂಗಳು ಒಂದು ಭಾನುವಾರ ಮಧ್ಯಾಹ್ನ ನಮ್ಮನೇಲಿ ಪಾಟ್‌ಲಕ್ ಅಂತ ಮಾತಾಗಿದೆ. "ನಿಮಗೇನು ಅನುಕೂಲನೋ ಅದನ್ನ ತನ್ನಿ" ಅಂತ ವಾಟ್ಸಾಪ್ ಗ್ರೂಪಲ್ಲಿ ಹಾಕಿಬಿಟ್ಟಿದೀನಿ. ಇತ್ತ ನಮ್ಮತ್ತೆ "ಊಟಕ್ಕೆ ಕರೆದು ಅವರ ಕೈಲೇ ಅಡುಗೆ ತರಿಸ್ತೀಯಾ, ನೋಡ್ದೋರು ಏನಂದ್ಕೋತಾರೆ" ಅಂತ ಮುಖ ಊದಿಸ್ಕೊಂಡು ಕೂತಿದಾರೆ. ಎಲ್ಲಿಂದ ಶುರು ಮಾಡ್ಲಿ?
(ಕುವೆಂಪುನಗರ, ಮೈಸೂರು)

ಉತ್ತರ: ಮೊದಲು ಅತ್ತೆಯಿಂದ ಶುರು ಮಾಡಮ್ಮ, ಅಡುಗೆ ಆಮೇಲೆ. ಅವರ ಹತ್ರ ಪಾಟ್‌ಲಕ್ ಅನ್ನೋ ಪದಾನೇ ಎತ್ತಬೇಡ, "ಬೆಳದಿಂಗಳೂಟದ ಥರ ಅತ್ತೆ, ಆದ್ರೆ ಮಧ್ಯಾಹ್ನ" ಅನ್ನು. ಅವರ ಕಾಲದಲ್ಲಿ ಹುಣ್ಣಿಮೆ ದಿನ ವಠಾರದೋರೆಲ್ಲ ತಮ್ಮ ತಮ್ಮನೆ ಪಾತ್ರೆ ಎತ್ಕೊಂಡು ತಾರಸಿ ಮೇಲೆ ಸೇರಿ, ಒಬ್ಬರ ಮನೆ ಬಿಸಿಬೇಳೆ ಬಾತು ಇನ್ನೊಬ್ಬರ ಮನೆ ಸಂಡಿಗೆ ಮತ್ತೊಬ್ಬರ ಮನೆ ಮೊಸರನ್ನ ಅಂತ ಕೈತುತ್ತು ಹಾಕಿಸ್ಕೊಂಡು ತಿಂದಿರ್ತಾರೆ, ಅದರಲ್ಲಿ ಯಾರ ಮರ್ಯಾದೆ ಹೋಗಿತ್ತು? ಇಂಗ್ಲಿಷ್ ಪದಾನೂ ಮೊದಲಿಗೆ ಈ ಅರ್ಥದ್ದಲ್ಲ ಕಣಮ್ಮ, 16ನೇ ಶತಮಾನದಲ್ಲಿ ಅದನ್ನ ಬಳಸ್ತಿದ್ದದ್ದು ಹೇಳದೇ ಕೇಳದೇ ಬಂದ ನೆಂಟರಿಗೆ ಪಾತ್ರೆಲಿ ಏನಿದೆಯೋ ಅದನ್ನ ಬಡಿಸೋದಕ್ಕೆ. ನಮ್ಮಲ್ಲಿ ಸಾರಿಗೆ ಇನ್ನೊಂದು ಲೋಟ ನೀರು ಹಾಕೋದು ಅಂತೀವಲ್ಲ, ಅದೇ. ಇಷ್ಟು ಹೇಳಿ ಅತ್ತೆಗೆ ಒಂದು ಜವಾಬ್ದಾರಿನೂ ಕೊಡು, "ತಿಳಿಸಾರು ನಿಮ್ಮ ಕೈದೇ ಆಗ್ಬೇಕು" ಅಂತ. ಮುಖ ತಾನಾಗೇ ಸರಿಹೋಗುತ್ತೆ.

ಎರಡನೇದು, ಆ ವಾಟ್ಸಾಪ್ ಮೆಸೇಜನ್ನ ಇವತ್ತೇ ವಾಪಸ್ ತಗೋ. ನಾನೂ ಒಂದ್ಸಲ ಹಾಗೇ ಹಾಕಿದ್ದೆ. ಏಳು ಮನೆಯವರು ಬಂದ್ರು, ಡಬ್ಬಿಗಳನ್ನ ಸಾಲಾಗಿಟ್ಟು ಒಂದೊಂದೇ ಮುಚ್ಚಳ ತೆಗೀತಾ ಹೋದ್ರೆ ಪುಳಿಯೋಗರೆ, ಚಿತ್ರಾನ್ನ, ಪುಳಿಯೋಗರೆ, ನಿಂಬೆಹಣ್ಣಿನ ಚಿತ್ರಾನ್ನ, ಮತ್ತೆ ಪುಳಿಯೋಗರೆ, ಎರಡು ಕಡೆಯಿಂದ ಜಾಮೂನು! ಕಲಸ್ಕೊಳ್ಳೋಕೆ ಒಂದು ತೊಟ್ಟು ಸಾರಿಲ್ಲ, ಒಂದು ಪಲ್ಯ ಇಲ್ಲ, ಮಕ್ಕಳು ಜಾಮೂನು ತಿಂದ್ಕೊಂಡು ಓಡಾಡಿದ್ವು, ನಮ್ಮನೆಯವರು ಮೊಸರು ತರೋಕೆ ಅಂಗಡಿಗೆ ಓಡಿದ್ರು. ಯಾರದೂ ತಪ್ಪಲ್ಲ. ಸ್ಕೂಟರ್ ಮುಂದೆ ಇಟ್ಕೊಂಡೋ ಬಸ್ಸಲ್ಲಿ ತೊಡೆ ಮೇಲಿಟ್ಕೊಂಡೋ ಬರೋರು ಚೆಲ್ಲದೇ ಇರೋದನ್ನೇ ಅಲ್ವಾ ಮಾಡ್ಕೊಂಡು ಬರೋದು?

ಅವತ್ತಿಂದ ನಾನು ಯಾರ ಕೈರುಚಿ ಯಾವುದರಲ್ಲಿ ಚೆನ್ನ ಅಂತ ನೋಡಿ ಹಂಚೋದು ಬಿಟ್ಟೆ. ಯಾರು ಎಲ್ಲಿಂದ, ಯಾವ ಗಾಡೀಲಿ ಬರ್ತಾರೆ ಅಂತ ನೋಡಿ ಹಂಚ್ತೀನಿ. ನಿಮ್ಮ ಪಕ್ಕದ ರಾಮಕೃಷ್ಣನಗರದೋರು ಇದ್ರೆ ಹುಳಿ, ಗೊಜ್ಜು, ಪಾಯಸ ಅವರಿಗೆ. ಕಾರಲ್ಲಿ ಬರೋರಿಗೆ ಬಿಸಿಬೇಳೆ ಬಾತು, ಅದನ್ನ ಸ್ವಲ್ಪ ತೆಳ್ಳಗೇ ಮಾಡೋಕೆ ಹೇಳು, ನಿಮ್ಮನೆ ತಲುಪೋಷ್ಟರಲ್ಲಿ ಗಟ್ಟಿ ಆಗಿರುತ್ತೆ, ಒಂದು ಲೋಟ ಬಿಸಿನೀರು ಹಾಕಿ ಕಲಸಿ ತುಪ್ಪ ಬಿಟ್ರೆ ಸರಿಹೋಗುತ್ತೆ. ನಂಜನಗೂಡಿಂದಲೋ ಶ್ರೀರಂಗಪಟ್ಟಣದಿಂದಲೋ ಬಸ್ಸಲ್ಲಿ ಬರೋರಿಗೆ ಒಣ ತಿಂಡಿ: ಒಬ್ಬಟ್ಟು, ಕೋಡುಬಳೆ, ಮದ್ದೂರು ವಡೆ. ಮದ್ದೂರು ವಡೆ ಆರಿದ್ರೂ ಗರಿಗರಿ ಇರುತ್ತೆ, ರೈಲಲ್ಲಿ ಮಾರಿ ಹೆಸರಾದ ತಿಂಡಿ ಅದು, ಪ್ರಯಾಣ ಅದಕ್ಕೆ ಹೊಸದಲ್ಲ. ಉದ್ದಿನ ವಡೆ ಮಾತ್ರ ಯಾರಿಗೂ ಹೇಳಬೇಡ, ಡಬ್ಬೀಲಿ ಬೆವರಿ ಮೆತ್ತಗಾಗಿಬಿಡುತ್ತೆ. ಶಾವಿಗೆ ಪಾಯಸ ತರೋರಿಗೆ ಅರ್ಧ ಲೀಟರ್ ಹಾಲು ಬೇರೆ ತರೋಕೆ ಹೇಳು, ಇರೋ ಹಾಲನ್ನೆಲ್ಲ ಶಾವಿಗೆ ಕುಡಿದು ಮುದ್ದೆ ಆಗಿರುತ್ತೆ. ಕೋಸಂಬರಿ ಅಂದ್ರೆ ನೆನೆಸಿದ ಬೇಳೆ ಒಂದು ಡಬ್ಬಿ, ಹೆಚ್ಚಿದ ಸೌತೆಕಾಯಿ ಒಂದು ಡಬ್ಬಿ, ಒಗ್ಗರಣೆ ಚಿಕ್ಕ ಡಬ್ಬಿ, ಉಪ್ಪು ನಿಂಬೆಹಣ್ಣು ಎಲೆ ಹಾಕೋ ಹೊತ್ತಿಗೆ. ಮನೇಲೇ ಉಪ್ಪು ಹಾಕಿ ತಂದ್ರೆ ತಳದಲ್ಲಿ ನೀರು ನಿಂತಿರುತ್ತೆ.

ಅನ್ನ, ಸಾರು, ಮೊಸರು, ಉಪ್ಪಿನಕಾಯಿ, ಹಪ್ಪಳ, ನೀರು, ಇಷ್ಟೂ ಮನೆಯವರದ್ದೇ. ಯಾರೋ ಒಬ್ಬರು ಕಡೇ ಗಳಿಗೇಲಿ "ಮಗೂಗೆ ಜ್ವರ, ಬರಕ್ಕಾಗಲ್ಲ" ಅಂತ ಫೋನ್ ಮಾಡೇ ಮಾಡ್ತಾರೆ, ಅವರ ಪಲ್ಯ ಬರ್ಲಿಲ್ಲ ಅಂತ ಊಟ ನಿಲ್ಲಲ್ಲ, ಅನ್ನ ಬರ್ಲಿಲ್ಲ ಅಂದ್ರೆ ನಿಂತೇ ಹೋಯ್ತು.

ಅಳತೆ ಬಗ್ಗೆ ನೀನು ಕೇಳಿಲ್ಲ, ಆದ್ರೂ ಹೇಳ್ತೀನಿ, ಯಾಕಂದ್ರೆ ಎಲ್ರೂ ಜಾರೋದು ಇಲ್ಲೇ. 26 ಜನ ಅಂದ ತಕ್ಷಣ ಎಂಟೂ ಮನೆಯೋರು 26 ಜನಕ್ಕಾಗೋಷ್ಟು ಮಾಡ್ಕೊಂಡು ಬರ್ತಾರೆ, ಸಂಜೆ ಬಕೆಟ್‌ಗಟ್ಟಲೆ ಉಳಿಯುತ್ತೆ. ಎಲ್ರೂ ಎಲ್ಲಾನೂ ಒಂದೊಂದು ಸೌಟು ತಾನೆ ಹಾಕಿಸ್ಕೊಳ್ಳೋದು. ಅದಕ್ಕೇ ನಾನು "12 ಜನಕ್ಕೆ ಮಾಡಿ" ಅಂತ ಬಾಯಿಬಿಟ್ಟು ನಂಬರ್ ಹೇಳ್ತೀನಿ. ಅನ್ನ ಒಂದನ್ನೇ ಉಣ್ಣೋದಾದ್ರೆ ಒಂದು ಕೇಜಿ ಅಕ್ಕಿ ಎಂಟು ಹತ್ತು ಜನಕ್ಕೆ ಬರುತ್ತೆ, ಎರಡು ಬಾತು ಇರೋ ಕಡೆ ನಿಮ್ಮ 26 ಜನಕ್ಕೂ ಅದೇ ಒಂದು ಕೇಜಿ ಸಾಕು. ಮೊಸರು ಎರಡು ಲೀಟರ್ ಇಟ್ಕೊ, ಉಳಿದ್ರೆ ಸಂಜೆ ಮಜ್ಜಿಗೆ.

ಇನ್ನೊಂದು, ಬಂದೋರೆಲ್ಲ "ಸ್ವಲ್ಪ ಬಿಸಿ ಮಾಡ್ಬೇಕಿತ್ತು" ಅಂತ ಸೀದಾ ಅಡುಗೆಮನೆಗೆ ನುಗ್ತಾರೆ. ನಮ್ಮನೇಲಿ ಒಬ್ಬರು ಇಂಡಕ್ಷನ್ ಒಲೆ ತಂದಿದ್ರು, ಹಾಲ್‌ನಲ್ಲಿ ಟಿವಿ ಪಕ್ಕದ ಎಕ್ಸ್‌ಟೆನ್ಷನ್ ಬಾಕ್ಸಿಗೆ ಚುಚ್ಚಿದ್ರು, ಅದರಲ್ಲೇ ಇನ್ನೊಬ್ಬರು ಕೆಟಲ್ ಹಾಕಿದ್ರು, ಟಪ್ ಅಂತ ಎಂಸಿಬಿ ಬಿತ್ತು, ಫ್ಯಾನು ಮಿಕ್ಸಿ ಎಲ್ಲ ಬಂದ್! 6 ಆಂಪ್ಸ್ ಸಾಕೆಟ್ಟು ತಡೆಯೋದು ಹೆಚ್ಚೂ ಕಮ್ಮಿ 1,380 ವಾಟ್, ಇಂಡಕ್ಷನ್ ಒಲೆ ಒಂದೇ 2,000 ವಾಟ್ ಎಳೆಯುತ್ತೆ. ಅದನ್ನ ಗೀಸರ್‌ಗೋ ಫ್ರಿಜ್‌ಗೋ ಹಾಕೋ 16 ಆಂಪ್ಸ್ ದಪ್ಪ ಸಾಕೆಟ್ಟಿಗೇ ಹಾಕ್ಬೇಕು, ಜೊತೆಗೆ ಬೇರೇನೂ ಹಾಕ್ಬಾರದು. ಇದಕ್ಕಿಂತ ಸುಲಭ ಅಂದ್ರೆ ಗ್ಯಾಸ್ ಒಲೆಯ ಒಂದು ಬರ್ನರ್‌ನ ಪೂರ್ತಿ ಖಾಲಿ ಬಿಟ್ಟು ಅದರ ಮೇಲೊಂದು ದಪ್ಪ ತಳದ ಬಾಣಲೆ ಇಟ್ಟಿರು.

ತಟ್ಟೆಗೆ ದೇವರಾಜ ಮಾರ್ಕೆಟ್ಟಿಂದ ಬಾಳೆಲೆ ತರ್ತೀನಿ ಅಂತ ಹೊರಡಬೇಡ, ನಿಂತ್ಕೊಂಡು ತಿನ್ನೋರಿಗೆ ಎಲೆ ಹಿಡಿಯಕ್ಕಾಗಲ್ಲ. ಅಡಿಕೆ ಹಾಳೆ ತಟ್ಟೆ ತಗೋ. ಆದ್ರೆ ಮಾರ್ಕೆಟ್ಟಿಗೆ ಹೋಗಿ ಮೈಸೂರು ಚಿಗುರೆಲೆ ಒಂದು ಕಟ್ಟು ತಂದಿಡು, ಊಟ ಆದ್ಮೇಲೆ ಎಲೆ ಅಡಿಕೆ ತಟ್ಟೆ ಸುತ್ತ ಕೂತೋರು ಬೇಗ ಏಳಲ್ಲ.

ಪ್ರಶ್ನೆ: ನಮ್ಮ ಆಫೀಸಿನೋರು ಹದಿನೈದು ಜನ ನಮ್ಮನೇಲಿ ಸೇರ್ತಾ ಇದೀವಿ ಮೇಡಂ. ಅರ್ಧ ಜನಕ್ಕೆ ಬಾಡು ಇಲ್ದಿದ್ರೆ ಊಟಾನೇ ಅಲ್ಲ, ಇನ್ನರ್ಧ ಜನ ಈರುಳ್ಳಿ ಬೆಳ್ಳುಳ್ಳಿನೂ ಮುಟ್ಟಲ್ಲ. ಎಲ್ರೂ ನಮಗೆ ಬೇಕಾದೋರೇ. ಮುದ್ದೆ ಇರಲೇಬೇಕು ಅಂತ ಬೇರೆ ಹಟ. ಪಾಟ್‌ಲಕ್ಕಲ್ಲಿ ಮುದ್ದೆ ಹೆಂಗೆ?
(ಮಂಡ್ಯ)

ಉತ್ತರ: ಮಂಡ್ಯದಲ್ಲಿ ಮುದ್ದೆ ಇಲ್ದೆ ಊಟ ಹಾಕಿದೆ ಅಂತ ಅನ್ನಿಸ್ಕೋಬೇಡಿ ಸ್ವಾಮಿ! ಆದ್ರೆ ಮುದ್ದೆನ ಯಾರಿಗೂ ಡಬ್ಬೀಲಿ ತರೋಕೆ ಹೇಳಬೇಡಿ. ಬರೋಷ್ಟರಲ್ಲಿ ಮೇಲೆ ಸಿಪ್ಪೆ ಕಟ್ಟಿ ಒಳಗೆ ಗಟ್ಟಿಯಾಗಿ ಗುಂಡುಕಲ್ಲು ಆಗಿರುತ್ತೆ. ಎಲ್ರೂ ಕೂತ್ಮೇಲೆ ಎಸರಿಟ್ಟು ಅಲ್ಲೇ ಹಿಟ್ಟು ತಿರುವಬೇಕು, ಹದಿನೈದು ಜನಕ್ಕೆ ಒಂದೇ ಪಾತ್ರೆ ಬೇಡ, ಎರಡು ಸಲ ಮಾಡಿ. ಅಡುಗೆ ತರೋಕೆ ಬರದ ಬ್ಯಾಚುಲರ್ ಹುಡುಗರು ಇರ್ತಾರಲ್ಲ ನಿಮ್ಮ ಆಫೀಸಲ್ಲಿ, ಅವರ ಕೈಗೆ ಹಿಟ್ಟಿನ ಕೋಲು ಕೊಡಿ, ಅದೇ ಅವರ ಪಾಲು. ಗಂಟು ಬಿದ್ರೆ ಬೈಯೋಕೆ ಹೇಗೂ ಹದಿನಾಲ್ಕು ಜನ ಸುತ್ತ ನಿಂತಿರ್ತೀರಿ.

ಬಾಡಿನ ವಿಷಯ ಸ್ವಲ್ಪ ಸೂಕ್ಷ್ಮ. ಮೊದಲು ದಿನ ನೋಡಿ. ತಿನ್ನೋರಲ್ಲೂ ಸೋಮವಾರ, ಶನಿವಾರ ಮುಟ್ಟದೇ ಇರೋರು ಎಷ್ಟೋ ಜನ, ಶ್ರಾವಣ ಬಂದ್ರೆ ಇಡೀ ತಿಂಗಳು ಬಿಡೋರಿದ್ದಾರೆ, ಏಕಾದಶಿ ಬಿದ್ರೆ ಆ ಕಡೆಯೋರು ಅನ್ನಾನೇ ಮುಟ್ಟಲ್ಲ. ಕ್ಯಾಲೆಂಡರ್ ನೋಡಿ ಭಾನುವಾರ ಹಾಕಿ. ಎರಡು ಮೇಜು ಮಾಡಿ, ಒಂದೇ ಮೇಜಿನ ಎರಡು ತುದಿ ಸಾಲದು. ಆದಷ್ಟೂ ದೂರ, ಒಂದು ಹಾಲಲ್ಲಿ ಇನ್ನೊಂದು ವರಾಂಡದಲ್ಲಿ. ಸೌಟು, ತಟ್ಟೆ, ಕೈ ಒರೆಸೋ ಬಟ್ಟೆ ಎಲ್ಲ ಬೇರೆ ಬೇರೆ. ಎಲ್ಲಾ ಕಡೆ ಗಲಾಟೆ ಆಗೋದು ಸೌಟಿಂದಾನೇ ಕಣ್ರಿ, ಕೋಳಿ ಸಾರಿನ ಸೌಟು ಮರೆತು ಬಸ್ಸಾರಿಗೆ ಬಿತ್ತು ಅಂದ್ರೆ ಅಷ್ಟೂ ಬಸ್ಸಾರು ಅರ್ಧ ಜನಕ್ಕೆ ಇಲ್ಲ ಅಂತಾಯ್ತು. ಮುದ್ದೆ, ಅನ್ನ, ಮೊಸರು ಸಸ್ಯಾಹಾರದ ಮೇಜಲ್ಲೇ ಇರ್ಲಿ, ಮೊದಲು ಎಲ್ರೂ ಅಲ್ಲಿ ಬಡಿಸ್ಕೊಂಡು, ಬೇಕಾದೋರು ಆಮೇಲೆ ವರಾಂಡಕ್ಕೆ ಹೋಗ್ಲಿ. ಉಪ್ಸಾರು ಮಾಡೋರಿಗೆ ಖಾರಾನ ಬೇರೆ ಬಟ್ಟಲಲ್ಲಿ ತರೋಕೆ ಹೇಳಿ, ಬೆಳ್ಳುಳ್ಳಿ ಬೀಳೋದು ಆ ಖಾರದಲ್ಲೇ ತಾನೆ, ಅದೊಂದು ಬೇರೆ ಇದ್ರೆ ಸೊಪ್ಪು ಕಾಳಿನ ಕಟ್ಟನ್ನ ಎರಡೂ ಕಡೆಯೋರು ತಿನ್ನಬಹುದು, ಬೆಳ್ಳುಳ್ಳಿ ಬಿಟ್ಟೋರಿಗೆ ಬರೀ ಮೆಣಸು ಜೀರಿಗೆದು ಒಂದು ಸಣ್ಣ ಬಟ್ಟಲು.

ಬಾಡಿನ ಪಾಲು ಮಾಂಸ ತಿನ್ನೋರೇ ಹಾಕ್ಕೊಳ್ಳಲಿ. ನಾಟಿ ಕೋಳಿ ರೇಟಿಗೂ ಹುರುಳಿಕಾಯಿ ಪಲ್ಯದ ರೇಟಿಗೂ ಅಜಗಜಾಂತರ, ತರೋರು ಒಬ್ಬರೇ ಆದ್ರೆ ಅವರ ಜೇಬಿಗೆ ಭಾರ.

ಪ್ರಶ್ನೆ: ಹೋದ ಸಲ ನಮ್ಮನೆ ಪಾಟ್‌ಲಕ್ ಆದ ರಾತ್ರಿ ಮೂರು ಜನಕ್ಕೆ ವಾಂತಿ. ಯಾರೋ ತಂದ ವೆಜಿಟಬಲ್ ಪಲಾವಿಂದ ಅನ್ಸುತ್ತೆ, ಆದ್ರೆ ಹಳಸಿದ ವಾಸನೆ ಏನೂ ಇರ್ಲಿಲ್ಲ, ಬಿಸಿ ಮಾಡಿನೇ ಬಡಿಸಿದ್ವಿ. ಹೆಸರು ಕೆಟ್ಟದ್ದು ಮಾತ್ರ ನಮ್ಮದು.
(ಸರಸ್ವತಿಪುರಂ, ಮೈಸೂರು)

ಉತ್ತರ: ಪಲಾವೇ ಅಂತ ಇಲ್ಲಿ ಕೂತು ನಾನು ಹೇಳೋಕಾಗಲ್ಲ, ಆದ್ರೆ ನೀವು ಹೇಳೋ ಲಕ್ಷಣ ಅನ್ನದ ಮೇಲೆ ಅನುಮಾನ ಬರೋ ಥರಾನೇ ಇದೆ. ಅಕ್ಕೀಲಿ ಬ್ಯಾಸಿಲಸ್ ಸೀರಿಯಸ್ ಅಂತ ಒಂದು ಬ್ಯಾಕ್ಟೀರಿಯಾದ ಬೀಜಕಣಗಳು ಇರ್ತವೆ, ಕುದಿಸಿದ್ರೂ ಸಾಯಲ್ಲ. ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಕೂತ್ರೆ ಅವು ಮೊಳೆತು ಬೆಳೆದು ವಿಷ ಬಿಡ್ತವೆ, ಆ ವಿಷ ಮತ್ತೆ ಬಿಸಿ ಮಾಡಿದ್ರೂ ಹೋಗಲ್ಲ, ವಾಸನೇನೂ ಬರಬೇಕು ಅಂತಿಲ್ಲ. ತಿಂದ ಒಂದರಿಂದ ಆರು ಗಂಟೆ ಒಳಗೆ ವಾಂತಿ ಶುರು. ಸಿಎಫ್‌ಟಿಆರ್‌ಐ ಅನ್ನೋ ಕೇಂದ್ರದ ಆಹಾರ ಸಂಶೋಧನಾ ಸಂಸ್ಥೆ 1950ರಿಂದ ನಮ್ಮೂರಲ್ಲೇ ಇದೆ, ಆಹಾರದ ಸಂಶೋಧನೆಗೆ ದೇಶಕ್ಕೇ ಹೆಸರಾದ ಊರಿನೋರು ನಾವು, ಆದ್ರೂ ಬೆಳಗ್ಗೆ ಏಳಕ್ಕೆ ಮಾಡಿದ ಪಲಾವನ್ನ ಕುಕ್ಕರಲ್ಲೇ ಮುಚ್ಚಿಟ್ಟು ಮಧ್ಯಾಹ್ನ ಎರಡಕ್ಕೆ ತಿಂತೀವಿ!

5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಅಡುಗೆ ಎರಡು ಗಂಟೆಗಿಂತ ಜಾಸ್ತಿ ಇರಬಾರದು, ಏಪ್ರಿಲ್ ಬಿಸಿಲಿಗೆ ಒಂದು ಗಂಟೆನೇ ಜಾಸ್ತಿ. ಹಾಗಾಗಿ ಬಿಸಿ ಇರಬೇಕಾದ್ದು ಒಳ್ಳೆ ಹಾಟ್‌ಬಾಕ್ಸಲ್ಲಿ ಹೊಗೆಯಾಡ್ತಾ ಬರಬೇಕು, ಇಲ್ಲ ಅಂದ್ರೆ ಅನ್ನನ ಅಗಲವಾದ ತಟ್ಟೇಲಿ ಹರಡಿ ಬೇಗ ಆರಿಸಿ ಫ್ರಿಜ್ಜಿಗಿಡಬೇಕು. ಪುಳಿಯೋಗರೆಗೆ ನಮ್ಮಜ್ಜಿ ಅನ್ನನ ಹರಡಿ ಆರಿಸ್ತಿದ್ದದ್ದು ಉದುರುದುರಾಗ್ಲಿ ಅಂತ, ಬೇಗ ತಣ್ಣಗಾಗಿ ಕೆಡದೇ ಇರೋಕೂ ಅದೇ ದಾರಿ. ಹುಣಿಸೆ ಹುಳಿ, ಎಣ್ಣೆ ಬಿದ್ದಿದ್ದಕ್ಕೆ ಅದು ಪ್ರಯಾಣಕ್ಕೂ ತಡೆಯುತ್ತೆ. ಪಲಾವು, ಕಾಯಿಚಟ್ನಿ, ಹಸಿ ಕಾಯಿ ರುಬ್ಬಿ ಹಾಕಿದ ಮಜ್ಜಿಗೆ ಹುಳಿ ಇವಕ್ಕೆ ಆ ರಕ್ಷಣೆ ಇಲ್ಲ, ಇವನ್ನ ಹತ್ತಿರದೋರಿಗೇ ಕೊಡಿ. ಮುಂದಿನ ಸಲ ಊಟದ ಟೈಮ್ ಒಂದೂವರೆ ಅಂತ ಹೇಳಿದ್ರೆ ಒಂದೂವರೆಗೇ ಬಡಿಸಿ, ಲೇಟಾಗಿ ಬರೋರಿಗೆ ಅಂತ ಮೂರರ ತನಕ ಎಲ್ಲ ತೆರೆದಿಡಬೇಡಿ.

ಪ್ರಶ್ನೆ: ಒಬ್ಬ ಫ್ರೆಂಡ್ ಪ್ರತಿ ಸಲ ಒಂದು ಚಿಪ್ಸ್ ಪ್ಯಾಕೆಟ್ ತಂದು ಮೂರು ಡಬ್ಬಿ ತುಂಬಿಸ್ಕೊಂಡು ಹೋಗ್ತಾಳೆ. ಹೇಳೋದು ಹೇಗೆ?
(ವಿಜಯನಗರ, ಮೈಸೂರು)

ಉತ್ತರ: ಹೇಳ್ಬೇಡಿ. ಮುಂದಿನ ಸಲ ಅವಳಿಗೆ ಹಣ್ಣು, ಐಸ್‌ಕ್ರೀಮು, ಇಪ್ಪತ್ತು ಲೀಟರ್ ನೀರಿನ ಕ್ಯಾನು ಅಂತ ಹೆಸರು ಹಿಡಿದು ಹಾಕಿ. ಅಡುಗೆಗೆ ಕೈ ಬರದೇ ಇರಬಹುದು, ಟೈಮ್ ಇಲ್ಲದೇ ಇರಬಹುದು, ಮನೇಲಿ ಏನು ಕಷ್ಟನೋ. ಮೂರು ಡಬ್ಬಿ ತುಂಬಿಸ್ಕೊಂಡು ಹೋಗೋದಂತೂ ನನ್ನ ಕೇಳಿದ್ರೆ ಒಳ್ಳೇದೇ, ಉಳಿದಿದ್ದನ್ನ ಮನೆಯೋಳು ನಾಲ್ಕು ದಿನ ಬಿಸಿ ಮಾಡ್ಕೊಂಡು ತಿನ್ನೋದು ತಪ್ಪುತ್ತೆ.

ಪ್ರಶ್ನೆ: ಪಾಟ್‌ಲಕ್ ಆದ್ಮೇಲೆ ಡಬ್ಬಿ, ಮುಚ್ಚಳ ಎಲ್ಲ ಅದಲುಬದಲು. ಏನಾದ್ರೂ ಉಪಾಯ ಇದ್ಯಾ?
(ಮದ್ದೂರು)

ಉತ್ತರ: ಬಾಗಿಲಲ್ಲೇ ಮಾಸ್ಕಿಂಗ್ ಟೇಪು, ಪೆನ್ನು ಇಟ್ಟು ಡಬ್ಬಿಗೂ ಮುಚ್ಚಳಕ್ಕೂ ಎರಡಕ್ಕೂ ಹೆಸರು ಅಂಟಿಸಿ, ಬರೀ ಡಬ್ಬಿಗೆ ಅಂಟಿಸಿದ್ರೆ ಮುಚ್ಚಳ ಹೋಯ್ತು. ಸ್ಟೀಲ್ ಪಾತ್ರೆ ಆದ್ರೆ ಅಂಗಡೀಲಿ ಹೆಸರು ಕೆತ್ತಿಸಿರ್ತಾರೆ, ಆದ್ರೆ ಅದನ್ನ ನಂಬಬೇಡಿ, ಅರ್ಧ ಪಾತ್ರೆ ಮೇಲೆ ಇರೋದು ಮದುವೇಲಿ ಉಡುಗೊರೆ ಕೊಟ್ಟೋರ ಹೆಸರು. ಆಮೇಲೆ ಯಾರದ್ದೇ ಡಬ್ಬಿ ಖಾಲಿ ವಾಪಸ್ ಕೊಡಬೇಡಿ, ಒಂದು ಚಮಚ ಸಕ್ಕರೆನಾದ್ರೂ ಹಾಕಿ. ನನ್ನ ಹತ್ರ ಎಸ್.ಎಲ್. ಅಂತ ಕೆತ್ತಿರೋ ಒಂದು ಮುಚ್ಚಳ ಆರು ವರ್ಷದಿಂದ ಹಾಗೇ ಬಿದ್ದಿದೆ, ಬಂದೋರನ್ನೆಲ್ಲ ಕೇಳಾಯ್ತು, ಯಾರೂ ನಂದು ಅನ್ನಲ್ಲ, ಈಗ ಅದರಲ್ಲಿ ಹಾಲಿನ ಪಾತ್ರೆ ಮುಚ್ತಾ ಇದೀನಿ.