ಕೀಮೋ ನಡೆಯುತ್ತಿರುವಾಗ ಯಾವ ತೊಂದರೆಗೆ ನರ್ಸ್‌ಗೆ ಫೋನ್ ಮಾಡಬೇಕು?

ನಿಮ್ಮ ತಾಯಿಯವರಿಗೆ ಸ್ತನ ಕ್ಯಾನ್ಸರಿಗಾಗಿ ಶಿವಮೊಗ್ಗದಲ್ಲಿ 21 ದಿನಗಳಿಗೊಮ್ಮೆ ಕೀಮೋ ಕೊಡುತ್ತಿದ್ದಾರೆ, ಮನೆ ಹೊಸನಗರದಿಂದ ಒಳಗೆ, ಆಸ್ಪತ್ರೆಗೆ ಎರಡು ಗಂಟೆಗೂ ಹೆಚ್ಚಿನ ದಾರಿ, ವಾರ್ಡಿನ ನರ್ಸ್ ನಂಬರ್ ಬರೆದುಕೊಟ್ಟಿದ್ದರೂ ‘ಸಣ್ಣಪುಟ್ಟದ್ದಕ್ಕೆಲ್ಲ ಅವರಿಗೆ ತೊಂದರೆ ಕೊಡಬೇಡ’ ಎಂದು ತಾಯಿಯವರು ತಡೆಯುತ್ತಾರೆ ಎಂದು ಬರೆದಿದ್ದೀರಿ. ಶಿವಮೊಗ್ಗದ ಆಸ್ಪತ್ರೆಯೊಂದರ ಕೀಮೋ ವಾರ್ಡಿನಲ್ಲಿ 11 ವರ್ಷಗಳಿಂದ ಕೆಲಸ ಮಾಡುತ್ತಿರುವ ನರ್ಸ್ ನಾನು. ಇಂಥ ಕರೆಗಳನ್ನು ದಿನವೂ ತೆಗೆದುಕೊಳ್ಳುವವಳಾಗಿ ಉತ್ತರಿಸುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಜ್ವರದ ವಿಷಯ. ಕೀಮೋ ಕೊಟ್ಟ ಸುಮಾರು 7ರಿಂದ 14 ದಿನಗಳ ನಡುವೆ ರಕ್ತದ ಬಿಳಿ ಕಣಗಳು ಅತಿ ಕಡಿಮೆ ಮಟ್ಟಕ್ಕೆ ಇಳಿಯುತ್ತವೆ; ಆಗ ತಗಲುವ ಸೋಂಕು ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಎರವಾಗಬಲ್ಲದು. 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ಕಂಡರೆ, ಹಗಲಾಗಲಿ ನಡುರಾತ್ರಿಯಾಗಲಿ, ಕೂಡಲೇ ಫೋನ್ ಮಾಡಿ ಹೊರಡಬೇಕು. ಮೊದಲು ಪ್ಯಾರಸಿಟಮಾಲ್ ಕೊಟ್ಟು ನೋಡೋಣ ಎನ್ನಬೇಡಿ; ಮಾತ್ರೆ ಜ್ವರವನ್ನು ಮರೆಮಾಡುತ್ತದೆ, ಸೋಂಕು ಒಳಗೆ ಬೆಳೆಯುತ್ತಲೇ ಇರುತ್ತದೆ. ನಮ್ಮ ಮಲೆನಾಡಿನ ಮನೆಗಳಲ್ಲಿ ಇದು ತಪ್ಪಿಹೋಗುವ ಬಗೆಯೇ ಬೇರೆ. ಆಷಾಢದ ಮಳೆಯಲ್ಲಿ ರೋಗಿಯನ್ನು ಬಚ್ಚಲ ಒಲೆಯ ಮುಂದೆ ಕೂರಿಸಿರುತ್ತಾರೆ. ನಡುಕ ಬಂದರೆ ಮಳೆಯ ಚಳಿ ಎಂದು ಮತ್ತೊಂದು ಕಂಬಳಿ ಹೊದಿಸುತ್ತಾರೆ, ಹಣೆ ಬಿಸಿಯಾಗಿದ್ದರೆ ಒಲೆಯ ಕಾವು ಎಂದುಕೊಳ್ಳುತ್ತಾರೆ. ತೀರ್ಥಹಳ್ಳಿ ಕಡೆಯ ಒಬ್ಬರನ್ನು ಹೀಗೆಯೇ ಒಂದು ರಾತ್ರಿ ಪೂರ್ತಿ ಮನೆಯಲ್ಲಿಟ್ಟುಕೊಂಡು ಮರುದಿನ ಕರೆತಂದಾಗ ಅವರ ರಕ್ತದೊತ್ತಡ ಕುಸಿದಿತ್ತು. ನಾವು ಕೊಟ್ಟ ಥರ್ಮಾಮೀಟರ್ ಕವರ್ ಕೂಡ ಒಡೆಯದೆ ಫೈಲಿನೊಳಗೇ ಇತ್ತು. ಅವರು ಬದುಕಿದರು, ಆದರೆ ಆ ಕವರನ್ನು ನಾನು ಮರೆತಿಲ್ಲ. ಅಂದಿನಿಂದ ಮನೆಯವರು ನನ್ನೆದುರೇ ಒಮ್ಮೆ ಜ್ವರ ಅಳೆದು ತೋರಿಸದೆ ಯಾರನ್ನೂ ಕಳಿಸುವುದಿಲ್ಲ. ಒಲೆಯಿಂದ ಎದ್ದು ಬಂದು, ಬಿಸಿ ಕಾಫಿ ಕುಡಿದಿದ್ದರೆ ಅರ್ಧ ಗಂಟೆಯಾದರೂ ಬಿಟ್ಟು, ನಾಲಿಗೆಯ ಕೆಳಗಿಟ್ಟು ಅಳೆಯಿರಿ. ಜ್ವರವಿಲ್ಲದೆ ಬರೀ ನಡುಕವಿದ್ದರೂ ಕರೆ ಮಾಡಿ. ಡಿಸೆಂಬರಿನಿಂದ ಮೇವರೆಗೆ ನಮ್ಮ ಕಡೆ ಜ್ವರವೆಂದರೆ ಮೊದಲು ಮಂಗನ ಕಾಯಿಲೆಯ ಯೋಚನೆ ಬರುವುದು ಸಹಜ. ಆದ್ದರಿಂದ ಊರಿನ ವೈದ್ಯರ ಬಳಿ ಹೋದರೂ ‘ಕೀಮೋ ನಡೆಯುತ್ತಿದೆ, ಕೊನೆಯದು ಇಂಥ ದಿನ ಆಗಿದೆ’ ಎಂಬುದನ್ನು ಮೊದಲ ಮಾತಾಗಿ ಹೇಳಬೇಕು.

ಸೂಜಿ ಚುಚ್ಚಿದ ಜಾಗ ಉರಿದು ಊದಿಕೊಂಡರೆ ಅಥವಾ ಉಸಿರು ಕಟ್ಟಿದರೆ ಕೂಡಲೇ, ದಿನವಿಡೀ ಕುಡಿದ ನೀರೂ ನಿಲ್ಲದಿದ್ದರೆ, ಭೇದಿ ಮಾಮೂಲಿಗಿಂತ ನಾಲ್ಕು ಸಲ ಹೆಚ್ಚಾದರೆ ಅಂದೇ ತಿಳಿಸಿ. ಕೆಂಪು ಔಷಧ, ಅಂದರೆ ಡಾಕ್ಸೊರುಬಿಸಿನ್ ಕೊಟ್ಟಿದ್ದರೆ ಒಂದೆರಡು ದಿನ ಮೂತ್ರ ಕೆಂಪಾಗುವುದು ಆ ಔಷಧದ ಬಣ್ಣ, ಅದಕ್ಕೆ ಹೆದರಬೇಕಿಲ್ಲ.

ಮನೆಯಲ್ಲಿ ನೀವೇ ಮಾಡಬಹುದಾದದ್ದು ಬಹಳಷ್ಟಿದೆ. ವಾಂತಿಯ ಮಾತ್ರೆಯನ್ನು ಹೊಟ್ಟೆ ತೊಳೆಸಲು ಶುರುವಾದ ಮೇಲಲ್ಲ, ಚೀಟಿಯಲ್ಲಿ ಬರೆದ ಹೊತ್ತಿಗೇ ಕೊಡಿ. ವಾಂತಿ ತಡೆಯಲು ಕೊಡುವ ಒಂಡಾನ್ಸೆಟ್ರಾನ್ ಮಾತ್ರೆ ಮಲಬದ್ಧತೆ ತರಬಹುದು. ಎರಡು ದಿನ ಹೊಟ್ಟೆ ಸರಿಯಾಗಿ ಹೋಗದಿದ್ದರೆ ಅದನ್ನೂ ಸಂಕೋಚವಿಲ್ಲದೆ ಹೇಳಿ. ಬಾಯಿ ಹುಣ್ಣಿಗೆ ಒಂದು ಲೋಟ ಬೆಚ್ಚಗಿನ ನೀರಿಗೆ ಕಾಲು ಚಮಚ ಉಪ್ಪು, ಕಾಲು ಚಮಚ ಅಡುಗೆ ಸೋಡಾ ಹಾಕಿ ದಿನಕ್ಕೆ ನಾಲ್ಕೈದು ಸಲ ಮುಕ್ಕಳಿಸಿ ಉಗುಳಲಿ. ಮಿಡಿ ಉಪ್ಪಿನಕಾಯಿಯನ್ನು ಕೆಲವು ದಿನ ಬಿಡಬೇಕಾಗುತ್ತದೆ, ಮೆತ್ತಗಿನ ಗಂಜಿ, ಮೊಸರನ್ನ ನಡೆಯುತ್ತದೆ. ತಂಬುಳಿಯ ಆಸೆಯಾದರೆ ಸೊಪ್ಪನ್ನು ಚೆನ್ನಾಗಿ ತೊಳೆದು, ಹುರಿದು ಮಾಡಿ. ಗುಡ್ಡದಿಂದ ಪೈಪಿನಲ್ಲಿ ಬರುವ ಅಬ್ಬಿ ನೀರು ಎಷ್ಟೇ ತಿಳಿಯಾಗಿ ಕಂಡರೂ ಕುದಿಸದೆ ಕೊಡಬೇಡಿ. ನಾಟಿ ಔಷಧ ಕೊಡುತ್ತಿದ್ದರೆ ನರ್ಸ್ ಹತ್ತಿರ ಮುಚ್ಚಿಡಬೇಡಿ. ಬೈಯುವುದಕ್ಕಲ್ಲ, ಕೆಲವು ಬೇರುನಾರುಗಳು ಕೀಮೋ ಔಷಧದ ಪರಿಣಾಮವನ್ನು ಹೆಚ್ಚುಕಡಿಮೆ ಮಾಡಬಹುದು ಎಂಬುದಕ್ಕಾಗಿ ನಾವು ಕೇಳುತ್ತೇವೆ.

ಇನ್ನು ತಾಯಿಯವರ ಸಂಕೋಚ. ಫೋನಿನಲ್ಲಿ ‘ಹೇಗಿದ್ದೀರಮ್ಮ?’ ಎಂದರೆ ನಮ್ಮ ಕಡೆಯ ಹೆಂಗಸರು ‘ಅಡ್ಡಿಲ್ಲ ಸಿಸ್ಟರ್, ಹುಷಾರಿದ್ದೇನೆ’ ಎಂದೇ ಹೇಳುತ್ತಾರೆ. ‘ಬೆಳಿಗ್ಗೆ ಏನು ತಿಂದಿರಿ?’ ಎಂದು ಕೇಳಿದರೆ ‘ಎರಡು ಚಮಚ ಗಂಜಿ’ ಎಂಬ ಉತ್ತರ ಬರುತ್ತದೆ, ನಿನ್ನೆ ರಾತ್ರಿ ಏನೆಂದರೆ ಮೌನ. ನೀವೂ ಹೀಗೆಯೇ ಬಿಡಿಸಿ ಕೇಳಿ, ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕದ ಮುಂದೆ ಜ್ವರ, ಊಟ, ವಾಂತಿ, ಭೇದಿಯ ಲೆಕ್ಕ ಬರೆಯಿರಿ. ನೋವು, ಸುಸ್ತಿಗೆ ಸೊನ್ನೆಯಿಂದ ಹತ್ತರೊಳಗೆ ಅವರಿಂದಲೇ ಒಂದು ಅಂಕ ಹೇಳಿಸಿ. ಅಮೆರಿಕದ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಹರಡಿದ್ದ 766 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಮ್ಮ ತೊಂದರೆಗಳನ್ನು ಕಂಪ್ಯೂಟರಿನ ಮೂಲಕ ನಿಯಮಿತವಾಗಿ ತಿಳಿಸುತ್ತಿದ್ದ, ತೊಂದರೆ ಹೆಚ್ಚಾದ ಕೂಡಲೇ ನರ್ಸ್‌ಗೆ ಸೂಚನೆ ಹೋಗುತ್ತಿದ್ದ ಗುಂಪಿನವರ ಬದುಕಿನ ಅವಧಿಯ ಮಧ್ಯಾಂಕ, ಅಂದರೆ ಅರ್ಧದಷ್ಟು ಜನ ಬದುಕಿದ್ದ ಅವಧಿ, 31 ತಿಂಗಳು ದಾಟಿತ್ತು. ಎಂದಿನ ಆರೈಕೆ ಪಡೆದವರಲ್ಲಿ ಅದು 26 ತಿಂಗಳಾಗಿತ್ತು. ನಿಮ್ಮ ತಾಯಿಯವರ ಸ್ಥಿತಿ ಬೇರೆಯಿರಬಹುದು, ಆದರೂ ತೊಂದರೆ ಹೇಳಿಕೊಳ್ಳುವುದು ಚಿಕಿತ್ಸೆಯದೇ ಒಂದು ಭಾಗವೆಂದು ಅವರಿಗೆ ತಿಳಿಸಿಹೇಳಲು ಈ ಸಂಗತಿ ಸಾಕು. ಬೇಗ ಬಂದ ಕರೆಗೆ ಎಷ್ಟೋ ಸಲ ಒಂದು ಮಾತ್ರೆ ಬದಲಿಸಿದರೆ ಸಾಕಾಗುತ್ತದೆ. ತಡವಾಗಿ ಬಂದದ್ದಕ್ಕೆ ಮುಂದಿನ ಕೀಮೋವನ್ನೇ ಮುಂದೂಡಬೇಕಾಗುತ್ತದೆ.

ನಾಳೆಯೇ ಒಮ್ಮೆ ಆ ನರ್ಸ್‌ಗೆ ಫೋನ್ ಮಾಡಿ, ರಾತ್ರಿ ಹೊತ್ತು ಮತ್ತು ಭಾನುವಾರ ಯಾರಿಗೆ ಕರೆ ಮಾಡಬೇಕೆಂದು ಕೇಳಿ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ಮನೆಯಲ್ಲಿ ಸಿಗ್ನಲ್ ಸಿಗದಿದ್ದರೆ ಅದು ಎಲ್ಲಿ ಸಿಗುತ್ತದೆ, ಮಳೆಯ ರಾತ್ರಿ ಯಾರ ಜೀಪು ಹೊರಡುತ್ತದೆ ಎಂಬುದನ್ನೂ ಕೀಮೋ ಆದ ಏಳನೆಯ ದಿನಕ್ಕೆ ಮೊದಲೇ ಮಾತಾಡಿಕೊಂಡಿರಿ.