ಚೆಸ್‌ನಲ್ಲಿ ಹತ್ತು-ಹದಿನೈದು ನಡೆಯೊಳಗೇ ಸೋಲುತ್ತೇನೆ. ಹೊಸಬರು ಯಾವ ಓಪನಿಂಗ್ (ಆಟದ ಶುರುವಿನ ನಡೆಗಳ ಕ್ರಮ) ಬಾಯಿಪಾಠ ಮಾಡಬೇಕು?

ಸದ್ಯಕ್ಕೆ ಯಾವುದೂ ಬೇಡ. ನಿಯಮ ಎಲ್ಲ ಗೊತ್ತು, ಸಿಸಿಲಿಯನ್ ಅನ್ನೋ ಓಪನಿಂಗ್‌ನ ವಿಡಿಯೋ ನೋಡ್ತಾ ಇದ್ದೀನಿ, ಆದರೂ ಬೇಗ ಸೋಲ್ತೀನಿ ಅಂತ ಬರೆದಿದ್ದೀರಿ. ನಾನೂ ಅದೇ ದಾರಿ ಹಿಡಿದು ಸುಮಾರು ದಿನ ಹಾಳು ಮಾಡಿಕೊಂಡವನು. ಎಂಟು ನಡೆ ಉರು ಹೊಡೆದು ಆಟಕ್ಕೆ ಕೂತರೆ, ಎದುರಿನವನು ಮೂರನೇ ನಡೆಗೇ ನಾನು ನೋಡಿರದ ಏನನ್ನೋ ಆಡಿದ. ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು. ಬಿಳಿಗೆ ಮೊದಲ ನಡೆಯಲ್ಲೇ 20 ಆಯ್ಕೆ ಇದೆ. ಕಪ್ಪೂ ಒಂದು ನಡೆ ಆಡುವಷ್ಟರಲ್ಲಿ ಆಟ 400 ಬಗೆಯಲ್ಲಿ ಕವಲೊಡೆದಿರುತ್ತೆ. ಎಲ್ಲಿಂದ ಎಷ್ಟು ಅಂತ ಬಾಯಿಪಾಠ ಮಾಡುತ್ತೀರಿ?

ಒಂದು ಕೆಲಸ ಮಾಡಿ. ನೀವು ಸೋತ ಯಾವುದಾದರೂ ಆಟವನ್ನು ತೆರೆದು ಹತ್ತನೇ ನಡೆಯಲ್ಲಿ ನಿಲ್ಲಿಸಿ, ಹಿಂದಿನ ಸಾಲು ನೋಡಿ. ಕುದುರೆ, ಒಂಟೆಗಳಲ್ಲಿ ಎಷ್ಟು ಇನ್ನೂ ಇಟ್ಟಲ್ಲೇ ಕೂತಿವೆ ಅಂತ ಎಣಿಸಿ. (ನಾನು ಒಂಟೆ ಅನ್ನೋದು ಬಿಷಪ್‌ಗೆ, ಆನೆ ಅನ್ನೋದು ಮೂಲೆಯ ರೂಕ್‌ಗೆ. ಈ ಹೆಸರುಗಳು ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಥರ.) ಎರಡೋ ಮೂರೋ ಕದಲಿರದಿದ್ದರೆ ನಿಮ್ಮ ಸೋಲಿನ ಕಾರಣ ಅಲ್ಲೇ ಇದೆ. ಎದುರಿನವನು ನಾಲ್ಕು ಕಾಯಿ ಹಿಡಿದು ಆಡುತ್ತಿದ್ದಾನೆ, ನೀವು ಒಂದೇ ಕಾಯಿಯನ್ನು ಊರೆಲ್ಲ ಸುತ್ತಿಸುತ್ತಿದ್ದೀರಿ.

ಈ ಸುತ್ತಾಟಕ್ಕೆ ಹೆಚ್ಚಾಗಿ ಸಿಗೋದು ರಾಣಿ. ಎದುರಾಳಿಯ ರಾಣಿ ಎರಡನೇ ನಡೆಗೇ ಎಚ್5ಕ್ಕೆ ಬಂದು ಕೂರುವ ಆಟ ನಿಮಗೂ ಎದುರಾಗಿರುತ್ತೆ. (ಅಕ್ಷರ ಅಂದರೆ ಬಿಳಿಯ ಎಡದಿಂದ ಎ-ಯಿಂದ ಎಚ್‌ವರೆಗಿನ ಕಂಬಸಾಲು, ಅಂಕಿ ಅಂದರೆ ಬಿಳಿಯ ಕಡೆಯಿಂದ ಎಣಿಸಿದ ಅಡ್ಡಸಾಲು. ಬರೀ ಮನೆಯ ಹೆಸರಿದ್ದರೆ ಅದು ಪಾನ್, ಅಂದರೆ ಕಾಲಾಳಿನ ನಡೆ.) ಇ4, ಇ5 ಆದಮೇಲೆ ಬಿಳಿ ರಾಣಿ ಎಚ್5. ನನಗೆ ಮೊದಲ ಸಲ ಇದು ಬಂದಾಗ ರಾಣಿಯನ್ನು ಓಡಿಸೋಣ ಅಂತ ಜಿ6 ಆಡಿಬಿಟ್ಟೆ. ರಾಣಿ ನೇರವಾಗಿ ಇ5ರ ಪಾನ್ ತಿಂದು ಚೆಕ್ ಕೊಟ್ಟಳು. ಚೆಕ್ ತಪ್ಪಿಸಿಕೊಂಡೆ, ಮುಂದಿನ ನಡೆಗೆ ಎಚ್8ರ ಆನೆ ಹೋಯಿತು. ನಾಲ್ಕು ನಡೆಗೆ ಒಂದು ಪಾನ್, ಒಂದು ಆನೆ! ಜಿ6 ಕೆಟ್ಟ ನಡೆಯೇನಲ್ಲ, ಆಡುವ ಹೊತ್ತು ತಪ್ಪಿತ್ತು ಅಷ್ಟೆ.

ಸರಿಯಾದ ಕ್ರಮ ಹೀಗೆ: ಮೊದಲು ಕುದುರೆ ಸಿ6ಕ್ಕೆ ಬಂದು ಇ5ನ್ನು ಕಾಯಲಿ. ಬಿಳಿ ಒಂಟೆ ಸಿ4ಕ್ಕೆ ಬಂದು ರಾಣಿಯ ಜೊತೆ ಎಫ್7ನ್ನು ಗುರಿ ಮಾಡುತ್ತೆ. ಆ ಮನೆಯನ್ನು ರಾಜನೊಬ್ಬನೇ ಕಾಯುವುದರಿಂದ ಹೊಸಬರ ಅರ್ಧ ಮೇಟ್‌ಗಳು ಅಲ್ಲೇ ಆಗೋದು. ಈಗ ಜಿ6 ಆಡಿ. ರಾಣಿ ಎಫ್3ಕ್ಕೆ ಸರಿದು ಮತ್ತೆ ಎಫ್7ರ ಮೇಲೆ ಕಣ್ಣಿಟ್ಟರೆ ಇನ್ನೊಂದು ಕುದುರೆ ಎಫ್6ಕ್ಕೆ ಬಂದು ಅಡ್ಡ ನಿಲ್ಲುತ್ತೆ. ಈಗ ಬೋರ್ಡ್ ನೋಡಿ. ನಿಮ್ಮ ಎರಡೂ ಕುದುರೆ ಹೊರಗಿವೆ, ಒಂಟೆಗೆ ಜಿ7ರ ದಾರಿ ತೆರೆದಿದೆ. ಅವರ ರಾಣಿ ಎರಡು ಸಲ ಓಡಾಡಿ, ತನ್ನದೇ ಕುದುರೆ ನಿಲ್ಲಬೇಕಾದ ಜಾಗದಲ್ಲಿ ಕೂತಿದೆ. ರಾಣಿಯನ್ನು ಬೇಗ ಹೊರಗೆ ತರಬೇಡಿ ಅನ್ನೋದು ಇದಕ್ಕೇ: ಸಣ್ಣ ಕಾಯಿ ಎದ್ದು ಬಂದಾಗಲೆಲ್ಲ ಅವಳು ಓಡಬೇಕು, ಅವಳು ಓಡುವ ಪ್ರತಿ ನಡೆಯೂ ಎದುರಾಳಿಗೆ ಪುಕ್ಕಟೆ.

ಹಾಗಾದರೆ ಏನು ಆಡಬೇಕು? ಬಿಳಿ ಆದರೆ ಇ4. ನಡುವೆ ಜಾಗ ಸಿಗುತ್ತೆ, ರಾಣಿಗೂ ಒಂಟೆಗೂ ಒಂದೇ ಏಟಿಗೆ ದಾರಿ ಬಿಡುತ್ತೆ. ಕಪ್ಪು ಇ5 ಆಡಿದರೆ ಕುದುರೆ ಎಫ್3, ಆಮೇಲೆ ಒಂಟೆ ಸಿ4, ನಾಲ್ಕನೇ ನಡೆಗೆ ಕ್ಯಾಸ್ಲಿಂಗ್ (ರಾಜ ಎರಡು ಮನೆ ಸರಿದು, ಆನೆ ಅವನನ್ನು ದಾಟಿ ಪಕ್ಕಕ್ಕೆ ಬರುವ ನಡೆ). ಇದಕ್ಕೆ ಇಟಾಲಿಯನ್ ಅನ್ನುತ್ತಾರೆ, ಹೆಸರು ನೆನಪಿರದಿದ್ದರೂ ನಡೆಯುತ್ತೆ. ಆಮೇಲೆ ಡಿ3 ಆಡಿ ಇನ್ನೊಂದು ಒಂಟೆಗೆ ದಾರಿ ಬಿಡಿ, ಉಳಿದ ಕುದುರೆ ಎಬ್ಬಿಸಿ. ಕುದುರೆಯನ್ನು ಎಚ್3ಕ್ಕೆ ತರಬೇಡಿ. ಎಫ್3ರಲ್ಲಿ ಅದು ಎಂಟು ಮನೆ ನೋಡುತ್ತೆ, ಅಂಚಿನ ಎಚ್3ರಲ್ಲಿ ನಾಲ್ಕೇ. ಇನ್ನು ಸುಮ್ಮಸುಮ್ಮನೆ ಎ3, ಎಚ್3 ಅಂತ ಅಂಚಿನ ಪಾನ್ ತಳ್ಳುವ ಚಟ ಬಹಳ ಜನಕ್ಕಿದೆ. ಏನಾಡಬೇಕೋ ತೋಚದಾಗ ಕೈ ಅಲ್ಲಿಗೇ ಹೋಗುತ್ತೆ. ತೋಚದಾಗ ಕದಲದ ಕಾಯಿ ಯಾವುದಿದೆ ಅಂತ ಹುಡುಕಿ, ಅದನ್ನು ಎಬ್ಬಿಸಿ.

ಕಾಯಿ ಎಬ್ಬಿಸುವುದರ ಬೆಲೆ ಗೊತ್ತಾಗಬೇಕಾದರೆ 1858ರಲ್ಲಿ ಅಮೆರಿಕದ ಚೆಸ್ ಆಟಗಾರ ಪಾಲ್ ಮಾರ್ಫಿ ಪ್ಯಾರಿಸ್‌ನ ಒಪೆರಾದಲ್ಲಿ ಆಡಿದ ಆಟವನ್ನು ಬೋರ್ಡಿನ ಮೇಲೆ ಕೈಯಾರೆ ಆಡಿ ನೋಡಿ. ಎದುರಿಗೆ ಬ್ರನ್ಸ್‌ವಿಕ್‌ನ ಡ್ಯೂಕ್ ಮತ್ತು ಒಬ್ಬ ಕೌಂಟ್, ಇಬ್ಬರೂ ಸೇರಿ ಯೋಚಿಸಿ ಆಡಿದರು. 17 ನಡೆಗೆ ಮೇಟ್. ಕೊನೆಗೆ ಮಾರ್ಫಿಯ ಬಳಿ ರಾಜ, ಪಾನ್‌ಗಳನ್ನು ಬಿಟ್ಟರೆ ಒಂದು ಆನೆ, ಒಂದು ಒಂಟೆ ಮಾತ್ರ ಉಳಿದಿದ್ದವು. ರಾಣಿಯನ್ನೂ ಕೊಟ್ಟಿದ್ದರು. ಕಪ್ಪಿನ ಕಡೆ ಕಾಯಿ ಬೇಕಾದಷ್ಟಿತ್ತು, ಆದರೆ ರಾಜನ ಬದಿಯ ಒಂಟೆ ಮತ್ತು ಆನೆ ಆಟ ಮುಗಿಯುವವರೆಗೂ ಒಂದು ಮನೆ ಕದಲಿರಲಿಲ್ಲ. ನಾನು ಎಷ್ಟು ಸಲ ಆಡಿ ನೋಡಿದ್ದೇನೋ ಲೆಕ್ಕವಿಲ್ಲ.

ಒಂದೇ ಕಾಯಿಯನ್ನು ಎರಡು ಸಲ ನಡೆಸಬಾರದು ಅನ್ನೋದನ್ನು ಮಾತ್ರ ಶಾಸ್ತ್ರದ ಥರ ಹಿಡಿಯಬೇಡಿ. ಪುಕ್ಕಟೆ ಕಾಯಿ ಸಿಕ್ಕರೆ ತಿನ್ನಿ. ನಿಮ್ಮ ಕಾಯಿಗೆ ಅಪಾಯ ಬಂದರೆ ಸರಿಸಿ. ಮೇಲೆ ಹೇಳಿದ ಇಟಾಲಿಯನ್‌ನಲ್ಲೇ ಕಪ್ಪು ಮೂರನೇ ನಡೆಗೆ ಕುದುರೆಯನ್ನು ಎಫ್6ಕ್ಕೆ ತಂದರೆ, ಬಿಳಿ ಕುದುರೆ ಎರಡನೇ ಸಲ ಎದ್ದು ಜಿ5ಕ್ಕೆ ಹಾರಿ, ಸಿ4ರ ಒಂಟೆಯ ಜೊತೆ ಸೇರಿ ಎಫ್7ಕ್ಕೆ ನುಗ್ಗುತ್ತೆ. ಆ ಗೋಜಲು ಈಗಲೇ ಯಾಕೆ? ನೀವು ಕಪ್ಪು ಆಡುವಾಗ ಮೂರನೇ ನಡೆಗೆ ಒಂಟೆಯನ್ನು ಸಿ5ಕ್ಕೆ ತನ್ನಿ. ಆಗ ರಾಣಿಯ ಓರೆದಾರಿ ಜಿ5ವರೆಗೆ ತೆರೆದೇ ಇರುತ್ತೆ, ಅಲ್ಲಿಗೆ ಹಾರಿದ ಕುದುರೆಯನ್ನು ರಾಣಿಯೇ ತಿನ್ನುತ್ತಾಳೆ. ಎದುರಿನವರು ಡಿ4ರಿಂದ ಶುರು ಮಾಡಿದರೆ ಡಿ5 ಆಡಿ, ಕುದುರೆ ಎಫ್6, ಇ6, ಒಂಟೆ ಇ7, ಕ್ಯಾಸ್ಲಿಂಗ್. ಸಿಸಿಲಿಯನ್ ವಿಡಿಯೋಗಳು ಎಲ್ಲಿಗೂ ಓಡಿಹೋಗೋದಿಲ್ಲ, ಆಮೇಲೆ ನೋಡಿಕೊಳ್ಳಿ.