ಬೇಟೆಯಾಡುವ ಕೀಟಗಳ ಹೊಟ್ಟೆಯ ಬ್ಯಾಕ್ಟೀರಿಯಾ ಅವು ತಿನ್ನುವುದರ ಮೇಲೆ ಬದಲಾಗುತ್ತದೆಯೇ?

ಬದಲಾಗುತ್ತದೆ. ಕೆಲವು ಕೀಟಗಳಲ್ಲಂತೂ ಹೊಟ್ಟೆಯ ಬ್ಯಾಕ್ಟೀರಿಯಾ ಹೆಚ್ಚೂಕಡಿಮೆ ಬೇಟೆಯ ಜೊತೆ ಒಳಗೆ ಬಂದದ್ದೇ. ಕಾಲೇಜು ಪ್ರಾಜೆಕ್ಟ್‌ಗೆ ಏರೋಪ್ಲೇನ್ ಚಿಟ್ಟೆ ಹಿಡಿಯಬೇಕು ಅಂದಿದ್ದೀರಿ. ಅದಕ್ಕೆ ಅದರಿಂದಲೇ ಶುರು ಮಾಡುತ್ತೇನೆ.

ಮಳೆ ಬಿಟ್ಟ ಸಂಜೆ ಗದ್ದೆ ಬದುವಿನ ಮೇಲೆ ಕೂತು ಇವನ್ನು ನೋಡುವುದು ನನಗೆ ತುಂಬಾ ಇಷ್ಟ. ಹಾರುತ್ತಲೇ ಮುಳ್ಳುಮುಳ್ಳಾದ ಕಾಲುಗಳನ್ನು ಬುಟ್ಟಿ ಹಾಗೆ ಕೂಡಿಸಿ ನೊಣವನ್ನು ಬಾಚಿಕೊಳ್ಳುತ್ತವೆ. ಆಮೇಲೆ ಬೇಲಿ ತಂತಿ ಮೇಲೆ ಕೂತು ಅಗಿಯುತ್ತವೆ. ಸದ್ದು ಮಾಡದೆ ಹತ್ತಿರ ಹೋದರೆ ದವಡೆ ಆಡುವುದು, ನೊಣದ ರೆಕ್ಕೆ ಉದುರುವುದು ಎಲ್ಲ ಕಾಣುತ್ತದೆ. ಆ ನೊಣದ ಕರುಳಿನಲ್ಲಿದ್ದದ್ದು, ಮೈಗೆ ಅಂಟಿದ್ದು ಕೂಡ ಒಳಗೆ ಹೋಯಿತು ಅಲ್ವಾ?

ಬೆಂಗಳೂರಿನ ಎನ್‌ಸಿಬಿಎಸ್ ಅನ್ನುವ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ದೀಪಾ ಅಗಾಶೆ ಅವರ ತಂಡ ಇದನ್ನೇ ಕೆದಕಿ ನೋಡಿತು. ಫಲಿತಾಂಶ ಬಂದದ್ದು 2019ರಲ್ಲಿ. ಬೇರೆ ಬೇರೆ ಊರುಗಳಲ್ಲಿ 6 ಜಾತಿಯ ಏರೋಪ್ಲೇನ್ ಚಿಟ್ಟೆಗಳನ್ನು ಹಿಡಿದು ಅವುಗಳ ಕರುಳನ್ನು ಪರೀಕ್ಷಿಸಿದರು. ಬ್ಯಾಕ್ಟೀರಿಯಾ ಯಾವುದು ಅನ್ನುವುದನ್ನು ಎಲ್ಲಕ್ಕಿಂತ ಜಾಸ್ತಿ ತೀರ್ಮಾನಿಸಿದ್ದು ಹಿಡಿದ ಜಾಗ. ಜಾತಿಯ ಪಾತ್ರ ಆಮೇಲಿನದು. 3 ಜಾತಿಗಳಲ್ಲಿ ಏನು ತಿಂದಿವೆ ಅಂತಲೂ ಹುಡುಕಿದರು. ಸಿಕ್ಕಿದ್ದೆಲ್ಲ ತಿನ್ನುವ ಹುಳ ಅಂತ ನಾವೆಲ್ಲ ಅಂದುಕೊಂಡಿದ್ದೇವೆ, ಆದರೆ ಒಂದೊಂದು ಜಾತಿಯ ಹೊಟ್ಟೆಯಲ್ಲೂ ಬೇರೆ ಬೇರೆ ಬೇಟೆ ಸಿಕ್ಕಿತು! ಬೇಟೆ ಬೇರೆಯಾದಂತೆ ಬ್ಯಾಕ್ಟೀರಿಯಾವೂ ಬೇರೆಯಾಗಿತ್ತು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಮುಂದಿನ ಭಾಗ. ಶೇ. 72ರಷ್ಟು ಬಗೆಯ ಬ್ಯಾಕ್ಟೀರಿಯಾ ಹರಡಿದ್ದ ರೀತಿಗೆ ಬರೀ ಆಕಸ್ಮಿಕವಾಗಿ ಬಂದುಹೋಗುವುದೇ ಸಾಕಾಗುವ ಕಾರಣ. ಹುಳ ಅವನ್ನು ಆರಿಸಿ ಇಟ್ಟುಕೊಂಡಿದೆ ಅನ್ನಬೇಕಾಗಿಲ್ಲ. ಕರುಳಿನ ಗೋಡೆಗೆ ಅಂಟಿಕೊಂಡಿದ್ದವು ಬಹಳ ಅಪರೂಪ. ಬಸ್ ಸ್ಟ್ಯಾಂಡಿನ ಜನರ ಹಾಗೆ, ಅಲ್ಲಿ ಯಾರೂ ಸಂಸಾರ ಹೂಡುವುದಿಲ್ಲ.

ಗಿಡದ ರಸ ಹೀರುವ ಸಸ್ಯಹೇನಿನ ಕಥೆಯೇ ಬೇರೆ. ಆ ರಸದಲ್ಲಿ ಬೇಕಾದ ಅಮೈನೋ ಆಮ್ಲಗಳು ಸಾಲುವುದಿಲ್ಲ, ಬುಕ್ನೆರಾ ಅನ್ನುವ ಬ್ಯಾಕ್ಟೀರಿಯಾ ಒಳಗಿದ್ದು ತಯಾರಿಸಿ ಕೊಡಬೇಕು. ಹುಳ ತಿನ್ನುವವಕ್ಕೆ ಪ್ರೋಟೀನ್ ನೇರವಾಗಿ ಸಿಗುತ್ತದೆ, ಹಾಗಾಗಿ ಇಂಥ ನೆಂಟಸ್ತನದ ಅಗತ್ಯ ಕಡಿಮೆ ಅಂತ ನನ್ನ ಅಭಿಪ್ರಾಯ.

ಆದರೆ ಬೇಟೆಗಾರರೆಲ್ಲ ಹೀಗೇ ಅಂದುಕೊಳ್ಳಬೇಡಿ. ಅಮೆರಿಕದ ಹೊಲಗಳಲ್ಲಿ ಹಾರ್ಪಾಲಸ್ ಅನ್ನುವ ಕಪ್ಪು ದುಂಬಿ ಇದೆ. ಹುಳವನ್ನೂ ತಿನ್ನುತ್ತದೆ, ಬೀಜವನ್ನೂ ತಿನ್ನುತ್ತದೆ. 2010ರ ಒಂದು ಪ್ರಯೋಗದಲ್ಲಿ ಕೆಲವಕ್ಕೆ ಚಿಮ್ಮಂಡೆ ಮೊಟ್ಟೆ, ಕೆಲವಕ್ಕೆ ನಾವು ಸಾರಿಗೆ ಹಾಕುವ ಚಕ್ಕೋತ ಸೊಪ್ಪಿನ ಬೀಜ ಕೊಟ್ಟರು. ಆಹಾರ ಬೇರೆಯಾದಂತೆ ಕರುಳಿನ ಬ್ಯಾಕ್ಟೀರಿಯಾವೂ ಬದಲಾಯಿತು. ಆಂಟಿಬಯಾಟಿಕ್ ತಿಂದ ದುಂಬಿಗಳು ಕಡಿಮೆ ಬೀಜ ತಿಂದವು. ಎಂಟೆರೋಕಾಕಸ್ ಫೀಕಾಲಿಸ್ ಅನ್ನುವ ಬ್ಯಾಕ್ಟೀರಿಯಾ ಕರುಳಿನಲ್ಲಿದ್ದ ದುಂಬಿಗಳು ಇಲ್ಲದವಕ್ಕಿಂತ ಜಾಸ್ತಿ ಸಲ ಬೀಜಕ್ಕೆ ಬಾಯಿ ಹಾಕಿದವು.

ನಿಮ್ಮ ಪ್ರಾಜೆಕ್ಟ್‌ಗೆ ದಯವಿಟ್ಟು ಒಂದೇ ಕೆರೆಯಿಂದ ಹಿಡಿಯಬೇಡಿ. ಕಡೇಪಕ್ಷ ಎರಡು ಮೂರು ಕೆರೆ ನೋಡಿ. ಪ್ರತಿ ಹುಳದ ಜಾಗ, ತಾರೀಕು, ಆಗ ಬಾಯಲ್ಲಿ ಏನಿತ್ತು ಅನ್ನುವುದನ್ನು ಅಲ್ಲೇ ಬರೆದುಕೊಳ್ಳಿ.